ಸಮುದ್ರದ ನೀರಿನಿಂದ ಕಲ್ಲು ಮಾಡುವಾಗ ಹುಳಿ ಎಲ್ಲಿಗೆ ಹೋಗುತ್ತದೆ?

ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ಮಲೆನಾಡಿನ ತೋಟದವರಿಗೆ ಸುಣ್ಣದ ಗುಣ ಹೇಳಿಕೊಡಬೇಕಿಲ್ಲ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಅದ್ದಿದ ಕತ್ತಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು, ಹುಳಿ ಇನ್ನೂ ಉಳಿದಿದೆ. ಭೂಮಿಯನ್ನು ಬಿಸಿಮಾಡುವ ಇಂಗಾಲದ ಡೈಆಕ್ಸೈಡನ್ನು ಗಾಳಿಯಿಂದ ಹಿಡಿದು ಸಮುದ್ರದ ನೀರಿನಿಂದ ಕಲ್ಲಾಗಿಸುವ ವಿದ್ಯೆ ನಿಂತಿರುವುದೂ ಇದೇ ಹುಳಿ-ಕ್ಷಾರದ ಲೆಕ್ಕದ ಮೇಲೆ. ನೀರಿಗಿಳಿದರೆ ಆ ಅನಿಲವೂ ಹುಳಿಯೇ, ಅದನ್ನು ಹಿಡಿಯಲು ಕ್ಷಾರ ಬೇಕು.

ಅದಕ್ಕೆ ನಮ್ಮ ಸುಣ್ಣವೇ ಸಾಲದೇ ಅಂದರೆ, ಸಾಲದು. 100 ಕೆಜಿ ಸುಣ್ಣಕಲ್ಲು ಸುಟ್ಟರೆ 56 ಕೆಜಿ ಸುಟ್ಟಸುಣ್ಣ ಸಿಗುತ್ತದೆ, 44 ಕೆಜಿ ಇಂಗಾಲದ ಡೈಆಕ್ಸೈಡ್ ಗೂಡಿನಿಂದ ಹಾರುತ್ತದೆ. ಗೋಡೆಗೆ ಬಳಿದ ಸುಣ್ಣ ಗಟ್ಟಿಯಾಗುವಾಗ ಹೆಚ್ಚೆಂದರೆ ಆ 44 ಕೆಜಿಯನ್ನೇ ವಾಪಸು ಹೀರುತ್ತದೆ. ಸುಟ್ಟ ಸೌದೆಯ ಹೊಗೆ ನಷ್ಟದ ಬಾಬ್ತು.

ಹಾಗಾಗಿ ಕ್ಷಾರವನ್ನು ಕರೆಂಟಿನಿಂದ ಹುಟ್ಟಿಸುತ್ತಾರೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 1.3 ಗ್ರಾಂ ಮೆಗ್ನೀಸಿಯಂ, 0.4 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ವಿದ್ಯುತ್ ಹಾಯಿಸಿದಾಗ ಋಣಧ್ರುವದಲ್ಲಿ ಹೈಡ್ರೋಜನ್ ಮೇಲೇಳುತ್ತದೆ, ಅಲ್ಲಿನ ನೀರು ಕ್ಷಾರವಾಗಿ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಬಿಳಿ ಗಸಿಯಾಗಿ ಕೂರುತ್ತದೆ. ಆ ಗಸಿಗೆ ಗಾಳಿ ಹಾಯಿಸಿದರೆ ಇಂಗಾಲದ ಡೈಆಕ್ಸೈಡ್ ಒಂದಷ್ಟು ಕಾರ್ಬೊನೇಟ್ ಕಲ್ಲಾಗುತ್ತದೆ, ಒಂದಷ್ಟು ಬೈಕಾರ್ಬೊನೇಟ್ ಆಗಿ ನೀರಿನಲ್ಲೇ ಕರಗಿರುತ್ತದೆ. ಇಂಥ ಪ್ರಾಯೋಗಿಕ ಘಟಕಗಳು 2023ರಲ್ಲಿ ಲಾಸ್ ಏಂಜಲೀಸ್ ಬಂದರಿನಲ್ಲೂ ಸಿಂಗಪುರದಲ್ಲೂ ಶುರುವಾದವು.

ಕೈಕೊಡುವ ಜಾಗಗಳು ಹಲವು. ಹೀಟರ್ ರಾಡಿಗೆ ಬಿಳಿ ಪೊರೆ ಕಟ್ಟುವಂತೆ ಋಣಧ್ರುವಕ್ಕೂ ಕಟ್ಟುತ್ತದೆ. ಕೆರೆದು ತೆಗೆಯುತ್ತಿರದಿದ್ದರೆ ವೋಲ್ಟೇಜ್ ಏರಿ ಕರೆಂಟು ಪೋಲು. ಧನಧ್ರುವದಲ್ಲಿ ಆಮ್ಲಜನಕ ಬರಬೇಕಾದಲ್ಲಿ ಉಪ್ಪಿನಿಂದ ಕ್ಲೋರಿನ್ ಬರುತ್ತದೆ. ಅದನ್ನು ತಡೆಯಲು ಮ್ಯಾಂಗನೀಸ್ ಆಕ್ಸೈಡಿನಂಥ ಲೇಪ ಬೇಕು, ಆ ಲೇಪ ಸವೆಯುತ್ತದೆ. ಕ್ಷಾರ ಇಳಿಯುವ ಮೊದಲೇ ನೀರನ್ನು ಸಮುದ್ರಕ್ಕೆ ಬಿಟ್ಟರೆ ಅಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಹರಳುಗಟ್ಟಿ, ಹಿಡಿದ ಅನಿಲದಲ್ಲಿ ಒಂದು ಪಾಲು ಮತ್ತೆ ಬಿಡುಗಡೆ. ಹೊನ್ನಾವರದ ಅಳಿವೆಯಂಥ ಕಡೆ ಘಟಕ ಇಟ್ಟರಂತೂ ಮಳೆಗಾಲದಲ್ಲಿ ಶರಾವತಿಯ ಸಿಹಿನೀರು, ಕೆಂಪು ಹೂಳು ಎರಡೂ ನುಗ್ಗುತ್ತವೆ. ಉಪ್ಪು ಇಳಿದರೆ ಮೆಗ್ನೀಸಿಯಮ್ಮೂ ಇಲ್ಲ, ವಿದ್ಯುತ್ತೂ ಸಲೀಸಾಗಿ ಹರಿಯದು.

ಇನ್ನು ಕರೆಂಟು. ಒಂದು ಟನ್ ಅನಿಲವನ್ನು ಪೂರ್ತಿ ಕಲ್ಲಾಗಿಸಲು 2.5 ವೋಲ್ಟಿನಲ್ಲಿ ಸುಮಾರು 3,000 ಯೂನಿಟ್ ಬೇಕು, ಜೊತೆಗೆ ಕನಿಷ್ಠ 430 ಟನ್ ನೀರು. 45 ಕೆಜಿ ಹೈಡ್ರೋಜನ್ ಸಿಗುತ್ತದೆ, ಅದನ್ನು ಬಳಸಿದರೆ ಸ್ವಲ್ಪ ಭಾರ ಇಳಿಯುತ್ತದೆ. ಆದರೆ ಯೂನಿಟ್ಟಿಗೆ 0.9 ಕೆಜಿ ಉಗುಳುವ ಕಲ್ಲಿದ್ದಲಿನ ಕರೆಂಟಾದರೆ ಒಂದು ಟನ್ ಹಿಡಿಯಲು 2.7 ಟನ್ ಹೊರಬಿಟ್ಟಂತೆ. ಶರಾವತಿ ವಿದ್ಯುದಾಗಾರದ 103.5 ಮೆಗಾವ್ಯಾಟಿನ ಒಂದು ಯಂತ್ರ ದಿನವಿಡೀ ಓಡಿದರೆ ಸುಮಾರು 800 ಟನ್ ಹಿಡಿಯಬಹುದು. ಆದರೆ ಆ ಕರೆಂಟು ಈಗಾಗಲೇ ಯಾರದೋ ಮನೆಯ ದೀಪ. ಅದನ್ನು ಇತ್ತ ತಿರುಗಿಸಿದರೆ ಕೊರತೆ ತುಂಬುವುದು ಕಲ್ಲಿದ್ದಲೇ.

ನನಗೆ ಎಲ್ಲಕ್ಕಿಂತ ಕಳವಳ ಹುಳಿಯದು. ಋಣಧ್ರುವದಲ್ಲಿ ಎಷ್ಟು ಕ್ಷಾರವೋ ಧನಧ್ರುವದಲ್ಲಿ ಅಷ್ಟೇ ಆಮ್ಲ. ಅದನ್ನು ಹಾಗೇ ಸಮುದ್ರಕ್ಕೆ ಬಿಟ್ಟರೆ ಮಾಡಿದ ಕೆಲಸವೆಲ್ಲ ನೀರುಪಾಲು. ಕಲ್ಲಿನ ಪುಡಿಯಲ್ಲಿ ಹಾಯಿಸಿ ಹುಳಿ ಕಳೆಯಬೇಕು. ಮೆಗ್ನೀಸಿಯಂ ತುಂಬಿದ ಹಸಿರು ಖನಿಜ ಆಲಿವೀನ್ ಶುದ್ಧವಾಗಿ ಸಿಕ್ಕರೂ, ಪೂರ್ತಿ ಕರಗಿದರೂ, ಒಂದು ಟನ್ ಅನಿಲಕ್ಕೆ 1.6 ಟನ್ ಕಲ್ಲು. ಬೇರೆ ಕಲ್ಲಾದರೆ ಇನ್ನೂ ಹೆಚ್ಚು. ಜಂಬಿಟ್ಟಿಗೆ ನಡೆಯದು, ಅದರ ಕ್ಷಾರವನ್ನು ಮಳೆ ಎಂದೋ ತೊಳೆದಿದೆ. ಕುದುರೆಮುಖದ ಕಬ್ಬಿಣದ ಗಣಿಯ ತ್ಯಾಜ್ಯ ತುಂಬಿದ ಲಕ್ಯಾ ಅಣೆಕಟ್ಟೆಯ ಹೂಳೂ ಆಗದು, ಅದು ಬಹುಪಾಲು ಸಿಲಿಕಾ. ಉಕ್ಕಿನ ಕಾರ್ಖಾನೆಗಳ ಕಿಟ್ಟ ಆಗುತ್ತದೆ, ಆದರೆ ಅದರಿಂದ ಕ್ರೋಮಿಯಂ ಬಸಿಯಬಹುದು. ಆಲಿವೀನಿನಿಂದ ನಿಕ್ಕೆಲ್ ಬರುತ್ತದೆ. ಬಿಡುವ ನೀರಿನಲ್ಲಿ ಎರಡನ್ನೂ ಅಳೆಯಲೇಬೇಕು.

ಕುದುರೆಮುಖದ ಗಣಿ 2005ರ ಕೊನೆಗೆ ನಿಂತಿತು. ಹವಾಮಾನದ ಹೆಸರಿನಲ್ಲಿ ಘಟ್ಟಕ್ಕೆ ಮತ್ತೆ ಕ್ವಾರಿ ಬರುವುದಾದರೆ ನಾನು ಒಪ್ಪುವುದಿಲ್ಲ. ಕರಾವಳಿಯಲ್ಲಿ ಇಂಥ ಘಟಕಕ್ಕೆ ಅರ್ಜಿ ಬಂದ ದಿನ ಕಲ್ಲು ಯಾವ ಊರಿನದು, ವರ್ಷಕ್ಕೆ ಎಷ್ಟು ಟನ್, ಈಗಾಗಲೇ ಅಗೆದು ರಾಶಿ ಹಾಕಿದ್ದೋ ಹೊಸದಾಗಿ ಸಿಡಿಸುವುದೋ ಎಂಬುದು ಅದರ ಮೊದಲ ಪುಟದಲ್ಲೇ ಇರಬೇಕು.