ನದಿ ಬಂದ್, ಪಂಪ್ ಚಾಲೂ

ಕ್ಯಾಲಿಫೋರ್ನಿಯಾದ ಉತ್ತರ ಕರಾವಳಿಯಲ್ಲಿ ಮೀನಿಗೆ ಗಾಳ ಹಾಕುವವರು ಸೀಸನ್ ಶುರುವಾದಾಗ ಮೊದಲು ಹೋಗುವುದು ನದಿಗಲ್ಲ, ಫೋನಿನ ಹತ್ತಿರ. ಮೀನು ಮತ್ತು ವನ್ಯಜೀವಿ ಇಲಾಖೆಯವರು ಅದಕ್ಕೆಂದೇ ಒಂದು ನಂಬರ್ ಇಟ್ಟಿದ್ದಾರೆ. ರಿಂಗ್ ಮಾಡಿದರೆ ರೆಕಾರ್ಡ್ ಮಾಡಿಟ್ಟ ದನಿಯೊಂದು ಯಾವ ನದಿ ಇವತ್ತು ತೆರೆದಿದೆ, ಯಾವುದು ಬಂದ್ ಎಂದು ಒಂದೊಂದಾಗಿ ಓದುತ್ತದೆ. ನೀರು ಕಡಿಮೆ ಇದ್ದ ವರ್ಷ ಓದುವುದು ಸುಲಭ. ಎಲ್ಲವೂ ಬಂದ್.

ಲೆಕ್ಕ ಹೀಗಿದೆ. ಈಲ್ ನದಿಗೆ ಸ್ಕೋಷಿಯಾ ಎಂಬ ಊರಿನ ಹತ್ತಿರ ಹರಿವು ಅಳೆಯುವ ಗೇಜ್ ಇದೆ. ಅಲ್ಲಿ 350 ಕ್ಯೂಸೆಕ್‌ಗಿಂತ ಕೆಳಗಿಳಿದರೆ ಗಾಳ ಹಾಕುವಂತಿಲ್ಲ. ಅದರ ದಕ್ಷಿಣ ಕವಲಿಗೆ ಮಿರಾಂಡಾ ಬಳಿ 340. ಕ್ಯೂಸೆಕ್ ಅಂದರೇನು ಎಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಕೆಆರ್‌ಎಸ್ ಒಳಹರಿವು ಎಷ್ಟು, ಹೊರಹರಿವು ಎಷ್ಟು ಎಂದು ಓದಿಕೊಂಡೇ ಬೆಳೆದವರು ನಾವು. ಹೊಳೆಗೆ ಹಾಕಿದರೂ ಅಳೆದು ಹಾಕು ಅಂತಾರಲ್ಲ, ಇವರು ಹೊಳೆಯನ್ನೇ ಅಳೆಯುತ್ತಾರೆ. ನದಿ ತೆರೆದಿದೆಯೋ ಮುಚ್ಚಿದೆಯೋ ಎಂದು ಸೋಮವಾರ, ಬುಧವಾರ, ಶುಕ್ರವಾರ ಮಧ್ಯಾಹ್ನ 1 ಗಂಟೆಯೊಳಗೆ ತಿಳಿಸಬೇಕು ಅಂತ ನಿಯಮದಲ್ಲೇ ಬರೆದಿದೆ. ಹಾಗಾಗಿ ಶನಿವಾರ ರಾತ್ರಿ ಮಳೆ ಹೊಡೆದು ಭಾನುವಾರ ನದಿ ತುಂಬಿ ಹರಿದರೆ ಸಾಲ್ಮನ್ ಆರಾಮಾಗಿ ಮೇಲೇರಿ ಹೋಗಿಬಿಡುತ್ತದೆ, ಗಾಳದವನು ಮಾತ್ರ ಸೋಮವಾರ ಮಧ್ಯಾಹ್ನದವರೆಗೆ ದಡದಲ್ಲಿ ಕೂತು ಕಾಫಿ ಕುಡಿಯುತ್ತಾನೆ. ಸರ್ಕಾರಿ ಕೆಲಸದ ವೇಳೆ ಮೀನಿಗೆ ಗೊತ್ತಿಲ್ಲ, ಅದು ಬದುಕಿರುವುದೇ ಅದರಿಂದ.

ತಮಾಷೆ ಇರಲಿ, ಈ ನಿಷೇಧ ತಪ್ಪು ಅಂತ ನಾನು ಹೇಳುತ್ತಿಲ್ಲ. ಸಾಲ್ಮನ್ ಹುಟ್ಟುವುದು ನದಿಯಲ್ಲಿ, ಬೆಳೆಯುವುದು ಸಮುದ್ರದಲ್ಲಿ, ಮೊಟ್ಟೆ ಇಡಲು ವಾಪಸ್ ಬರುವುದು ಹುಟ್ಟಿದ ನದಿಗೆ. ಚಿನೂಕ್ ಜಾತಿಯದ್ದಾದರೆ ಮೊಟ್ಟೆ ಇಟ್ಟ ಮೇಲೆ ಸತ್ತೇಹೋಗುತ್ತದೆ. ಜೀವನದಲ್ಲಿ ಒಂದೇ ಸಲದ ಪ್ರಯಾಣ. ನೀರು ಕಡಿಮೆ ಇದ್ದರೆ ಕಲ್ಲುಗಳ ಮೇಲಿನ ತೆಳು ಹರಿವನ್ನು ದಾಟಲಾಗದೆ ಇವೆಲ್ಲ ಒಂದೇ ಗುಂಡಿಯಲ್ಲಿ ಗುಂಪಾಗಿ ನಿಲ್ಲುತ್ತವೆ. ನೀರು ತಿಳಿ, ಮೀನು ಕಣ್ಣಿಗೇ ಕಾಣುತ್ತದೆ, ಬಾಯಿಗೆ ಗಾಳ ಕಚ್ಚಿಸುವ ಶ್ರಮವೂ ಬೇಡ, ಸುಮ್ನೆ ಎಳೆದರೆ ಬೆನ್ನಿಗೋ ಹೊಟ್ಟೆಗೋ ಸಿಕ್ಕಿಕೊಳ್ಳುತ್ತದೆ. ಅಂಥ ಹೊತ್ತಲ್ಲಿ ಗಾಳ ನಿಲ್ಲಿಸಲೇಬೇಕು. ಗಾಳ ಹಾಕುವವರಲ್ಲೂ ತುಂಬಾ ಜನ ಇದನ್ನು ಒಪ್ಪುತ್ತಾರೆ.

ಅವರು ಕೇಳುವುದು ಒಂದೇ. ನದಿಯಲ್ಲಿ ನೀರಿಲ್ಲ, ಸರಿ. ಕುಡಿದದ್ದು ಯಾರು? ಗಾಳದವನಂತೂ ಅಲ್ಲ. ಅವನ ಕೋಲು, ದಾರ, ಕೊಕ್ಕೆ ಎಲ್ಲ ಸೇರಿ ಒಂದು ಲೋಟ ನೀರನ್ನೂ ಎತ್ತುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತ ನಮ್ಮವರು ಯಾವತ್ತೋ ಹೇಳಿದರು.

ಈಲ್ ನದಿಯನ್ನೇ ತಗೊಳ್ಳಿ. 1908ರಿಂದ ಅದರ ಮೇಲ್ಭಾಗದ ನೀರಿನ ಒಂದು ಪಾಲನ್ನು ಬೆಟ್ಟ ಕೊರೆದ ಸುರಂಗದಲ್ಲಿ ಪಕ್ಕದ ರಷ್ಯನ್ ನದಿಯ ಕಡೆಗೆ ತಿರುಗಿಸಿದ್ದಾರೆ. ಅತ್ತ ದ್ರಾಕ್ಷಿ ತೋಟ, ವೈನ್. ಇತ್ತ ಈಲ್‌ನ ಉಪನದಿಗಳಿಗೆ ಬೇಸಿಗೆಯಲ್ಲಿ ಪೈಪ್ ಇಳಿಬಿಟ್ಟು ನೀರೆತ್ತಿದ್ದು ಹಂಬೋಲ್ಟ್, ಮೆಂಡೊಸಿನೋ, ಟ್ರಿನಿಟಿ ಕೌಂಟಿಗಳ ಗಾಂಜಾ ತೋಟಗಳು. ಅಂದರೆ ಗುಂಡು ಹಾಕುವವರಿಗೂ ನೀರುಂಟು, ದಮ್ಮು ಹೊಡೆಯುವವರಿಗೂ ನೀರುಂಟು. ನೀರಲ್ಲೇ ಹುಟ್ಟಿದ ಮೀನಿಗೆ ಮಾತ್ರ 350 ಕ್ಯೂಸೆಕ್ ಬರುವವರೆಗೆ ತಾಳ್ಮೆ ಇರಬೇಕು.

ಒಂದೇ ಸೈಟನ್ನು ಐದು ಜನಕ್ಕೆ ಮಾರುವುದು ಬೆಂಗಳೂರಿನವರ ಸ್ವಂತ ಆವಿಷ್ಕಾರ ಅಂತ ನಮಗೊಂದು ಹೆಮ್ಮೆ ಇತ್ತು, ಅಲ್ವಾ? ಅದೂ ಹೋಯಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಕಾಗದಪತ್ರ ಕೂಡಿಸಿ ನೋಡಿದರು. ರಾಜ್ಯದ ನದಿಗಳಲ್ಲಿ ಸರಾಸರಿ ವರ್ಷ ಎಷ್ಟು ನೀರು ಹರಿಯುತ್ತದೋ ಅದರ ಐದು ಪಟ್ಟು ನೀರಿಗೆ ಹಕ್ಕುಪತ್ರ ಕೊಟ್ಟಾಗಿದೆ. ಅದರಲ್ಲೂ ಮೊದಲು ಬಂದವನೇ ಮೊದಲ ಹಕ್ಕುದಾರ, 1914ಕ್ಕಿಂತ ಮುಂಚೆ ನೀರೆಳೆದವನ ವಾರಸುದಾರರಿಗೆ ಅಗ್ರಪೂಜೆ. ಮೊದಲು ಬಂದವರು ಅಂದರೆ ಸಾಲ್ಮನ್ ಮತ್ತು ಅದನ್ನು ತಿಂದು ಬದುಕಿದ ಯುರೋಕ್, ಕರುಕ್ ಬುಡಕಟ್ಟಿನವರು ತಾನೇ ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೂ ಮೀನಿನ ಹತ್ತಿರ ಖಾತೆ ಇರಲಿಲ್ಲ.

ಇನ್ನು ಕ್ಲಾಮತ್ ನದಿಯ ಕಥೆ. 2001ರ ಬರದಲ್ಲಿ ಮೀನಿಗಾಗಿ ಹೊಲಗಳಿಗೆ ನೀರು ಒಯ್ಯುವ ಕಾಲುವೆ ಮುಚ್ಚಿದರು. ರೈತರು ಸಿಟ್ಟಾದರು. ಸಿಟ್ಟಾಗುವುದು ಸಹಜ, ನಮ್ಮ ಮಂಡ್ಯದವರನ್ನು ಕೇಳಿ. ಕ್ಲಾಮತ್ ಫಾಲ್ಸ್ ಪಟ್ಟಣದಲ್ಲಿ ಸಾವಿರಾರು ಜನ ಸಾಲಾಗಿ ನಿಂತು ಕೈಯಿಂದ ಕೈಗೆ ಬಕೆಟ್ ದಾಟಿಸಿ ಪ್ರತಿಭಟನೆ ಮಾಡಿದರು. ಮರುವರ್ಷ ಮಾರ್ಚ್‌ನಲ್ಲಿ ಅಲ್ಲಿನ ಕೇಂದ್ರ ಸರ್ಕಾರದ ನೆಲ, ಜಲ ನೋಡಿಕೊಳ್ಳುವ ಸಚಿವೆ ಗೇಲ್ ನಾರ್ಟನ್ ಖುದ್ದಾಗಿ ಬಂದು ಕಾಲುವೆಯ ಗೇಟು ತೆರೆದರು, ಚಪ್ಪಾಳೆಯೂ ಬಿತ್ತು. ಅದೇ 2002ರ ಸೆಪ್ಟೆಂಬರ್‌ನಲ್ಲಿ ನದಿಯ ಕೆಳಭಾಗದಲ್ಲಿ ಕಡಿಮೆ, ಬೆಚ್ಚಗಿನ ನೀರಿನಲ್ಲಿ ಒತ್ತೊತ್ತಾಗಿ ನಿಂತ ಮೀನುಗಳ ಕಿವಿರಿಗೆ ರೋಗ ಹತ್ತಿ, ಮೊಟ್ಟೆ ಇಡಲು ಬಂದಿದ್ದ ದೊಡ್ಡ ಮೀನುಗಳು ಕನಿಷ್ಠ 34,000 ಸತ್ತು ದಡಕ್ಕೆ ಬಿದ್ದವು. ಗೇಟು ತೆರೆಯಲು ಬಂದಿದ್ದ ಕ್ಯಾಮೆರಾಗಳು ನಾತ ತೋರಿಸುವುದಿಲ್ಲ. 2006ರಲ್ಲಿ ಕ್ಲಾಮತ್‌ಗೆ ಬರುವ ಮೀನು ತೀರಾ ಕಡಿಮೆ ಎಂದು ಸುಮಾರು 700 ಮೈಲಿ ಕರಾವಳಿಯಲ್ಲಿ ಸಾಲ್ಮನ್ ದೋಣಿಗಳನ್ನು ಹೆಚ್ಚೂಕಡಿಮೆ ನಿಲ್ಲಿಸಿದರು. ದೋಣಿಯವರು ಮಾಡಿದ ತಪ್ಪೇನು? ಅವರು ಸಮುದ್ರದಲ್ಲಿದ್ದರು. ಕಾಲುವೆಯಿಂದ ಬಲು ದೂರ.

ಕ್ಲಾಮತ್‌ಗೆ ಸೇರುವ ಶಾಸ್ತಾ ಎಂಬ ಚಿಕ್ಕ ನದಿಯದು ಇನ್ನೂ ರುಚಿ. 2022ರ ಆಗಸ್ಟ್. ಬರ. ಮೀನಿಗಾಗಿ ಇಷ್ಟು ನೀರು ನದಿಯಲ್ಲೇ ಇರಬೇಕು, ಯಾರೂ ಎತ್ತಬಾರದು ಎಂದು ರಾಜ್ಯದ ಆದೇಶ ಇದೆ. ಅಲ್ಲಿನ ಸುಮಾರು 80 ಜಾನುವಾರು ಸಾಕಣೆದಾರರ ಸಂಘ, ನಾವು ಎತ್ತುತ್ತೇವೆ ಎಂದು ರಾಜ್ಯಕ್ಕೇ ತಿಳಿಸಿ ಪಂಪ್ ಹಾಕಿತು. ಎಂಟು ದಿನ ಎತ್ತಿದರು. ನದಿಯ ಹರಿವು ಮೂರರಲ್ಲಿ ಎರಡು ಪಾಲಿನಷ್ಟು ಕುಸಿಯಿತು. ರಾಜ್ಯ ಕೆಂಡಾಮಂಡಲವಾಗಿ, ಕಾನೂನಿನ ಪೂರ್ತಿ ಬಲವನ್ನು ಪ್ರಯೋಗಿಸಿ, ದಂಡ ಹಾಕಿತು: ದಿನಕ್ಕೆ 500 ಡಾಲರ್‌ನಂತೆ 4,000 ಡಾಲರ್. ಸಂಘಕ್ಕೆಲ್ಲ ಸೇರಿ. ತಲೆಗೆ 50 ಡಾಲರ್ ಬಿತ್ತು. ಅದೇ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಕಾನೂನುಬದ್ಧವಾಗಿ ಗಾಳ ಹಾಕಲು ಬೇಕಾದ ವರ್ಷದ ಲೈಸೆನ್ಸ್‌ಗೆ ಅದಕ್ಕಿಂತ ಜಾಸ್ತಿ ಆಗುತ್ತಿತ್ತು. ಒಂದು ಮೀನು ಹಿಡಿಯಲು ಅನುಮತಿ ಪಡೆಯುವುದಕ್ಕಿಂತ ಅನುಮತಿ ಇಲ್ಲದೆ ನದಿಯನ್ನೇ ಹಿಡಿಯುವುದು ಅಗ್ಗ. 2024ರಲ್ಲಿ ದಂಡ ಏರಿಸುವ ಕಾನೂನಿಗೆ ರಾಜ್ಯಪಾಲರು ಸಹಿ ಹಾಕಿದ್ದಾರೆ ಅನ್ನುವುದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಸರ್ಕಾರ ಏನೂ ಮಾಡಿಲ್ಲ ಅಂದ ಹಾಗಾಗುತ್ತದೆ.

ನೀರು ಕೊಡಲಾಗದ ಸರ್ಕಾರ ಮೀನಿಗೆ ಕೊಟ್ಟ ಇನ್ನೊಂದು ಸೌಲಭ್ಯ ಟ್ರಕ್. ಸುಳ್ಳಲ್ಲ. 2021ರಲ್ಲಿ ಸ್ಯಾಕ್ರಮೆಂಟೊ ಕಣಿವೆಯ ನದಿಗಳು ಬತ್ತಿ ಬಿಸಿಯಾದಾಗ, ಮರಿಗಳನ್ನು ನದಿಗೆ ಬಿಟ್ಟರೆ ಸಮುದ್ರ ಮುಟ್ಟುವುದಿಲ್ಲ ಎಂದು, ಸುಮಾರು 1 ಕೋಟಿ 68 ಲಕ್ಷ ಸಾಲ್ಮನ್ ಮರಿಗಳನ್ನು ಟ್ಯಾಂಕರ್‌ಗೆ ತುಂಬಿ ಹೆದ್ದಾರಿಯಲ್ಲಿ ಕಡಲ ಕಡೆಗೆ ಸಾಗಿಸಿದರು. 140ಕ್ಕೂ ಜಾಸ್ತಿ ಲೋಡ್. ಪಾಪ, ಬೇರೆ ದಾರಿ ಇರಲಿಲ್ಲ, ಸಾಗಿಸಿದವರು ಒಳ್ಳೆಯ ಮನಸ್ಸಿನಿಂದಲೇ ಸಾಗಿಸಿದರು. ಆದರೆ ಸಾಲ್ಮನ್ ಮರಿ ಸಮುದ್ರಕ್ಕೆ ಇಳಿಯುವಾಗ ದಾರಿಯುದ್ದಕ್ಕೂ ನೀರಿನ ವಾಸನೆಯನ್ನು ನೆನಪಿಟ್ಟುಕೊಳ್ಳುತ್ತದೆ, ದೊಡ್ಡದಾದ ಮೇಲೆ ಆ ವಾಸನೆ ಹಿಡಿದೇ ಊರಿಗೆ ವಾಪಸ್ ಬರುತ್ತದೆ. ಟ್ರಕ್ಕಿನಲ್ಲಿ ಹೋದ ಮರಿಗೆ ಯಾವ ವಾಸನೆ ನೆನಪಿರಬೇಕು? ಡೀಸೆಲ್‌ನದೇ? ಹೀಗೆ ಸವಾರಿ ಹೋದ ಮೀನುಗಳಲ್ಲಿ ಎಷ್ಟೋ ದಾರಿ ತಪ್ಪಿ ಸಿಕ್ಕಿದ ನದಿಗೆ ನುಗ್ಗುತ್ತವೆ. ಆ ನದಿ ತೆರೆದಿದೆಯೋ ಬಂದ್ ಆಗಿದೆಯೋ ಅನ್ನುವುದು ಮುಂದಿನ ಪ್ರಶ್ನೆ.

ನದಿ ಮುಚ್ಚಿದ್ದು ಸಾಲದೆ ಸಮುದ್ರವನ್ನೂ ಮುಚ್ಚಿದರು. 2008, 2009ರಲ್ಲಿ ಒಮ್ಮೆ. ಆಮೇಲೆ 2023, 2024, 2025, ಸತತ ಮೂರು ವರ್ಷ ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ಸಾಲ್ಮನ್ ಹಿಡಿದು ಮಾರುವಂತಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಮೀನು ಕಟ್ಟೆಯಲ್ಲಿ ಸಾಲ್ಮನ್ ದೋಣಿಯವರು ಕೈಕಟ್ಟಿ ಕೂತರು. 2025ರ ಜೂನ್ 7 ಮತ್ತು 8ರಂದು ಹವ್ಯಾಸಿಗಳಿಗೆ ಎರಡು ದಿನ ಬಾಗಿಲು ತೆರೆದಾಗ ಜನ ಜಾತ್ರೆಗೆ ಬಂದ ಹಾಗೆ ಬಂದರು. ಹಿಡಿದು ಮಾರುವವರನ್ನು ಮೂರು ವರ್ಷ ಪೂರ್ತಿ ಮನೆಯಲ್ಲಿ ಕೂರಿಸಬಲ್ಲ ರಾಜ್ಯಕ್ಕೆ ಎತ್ತುವವರನ್ನು ಎಂಟು ದಿನ ಕೂರಿಸಲು ಆಗಲಿಲ್ಲ.

ಒಂದು ಒಳ್ಳೆಯ ಸುದ್ದಿಯೂ ಇದೆ. ಕ್ಲಾಮತ್‌ನ ನಾಲ್ಕು ಅಣೆಕಟ್ಟುಗಳನ್ನು 2024ರಲ್ಲಿ ಒಡೆದು ಮುಗಿಸಿದರು. ಬುಡಕಟ್ಟಿನವರು ಹತ್ತಾರು ವರ್ಷ ಬೆನ್ನು ಬಿಡದೆ ಹೋರಾಡಿದ್ದರಿಂದ ಆದದ್ದು ಅದು. ಅಕ್ಟೋಬರ್‌ನಲ್ಲೇ ಚಿನೂಕ್ ಮೀನು ಅಣೆಕಟ್ಟುಗಳಿದ್ದ ಜಾಗ ದಾಟಿ ಆರೆಗನ್ ರಾಜ್ಯದೊಳಕ್ಕೆ ಹೋಗಿತ್ತು, 1912ರ ನಂತರ ಮೊದಲ ಸಲ. ಮೀನು ಬರಲು ಎಷ್ಟು ದಶಕ ಬೇಕು ಅಂತ ಲೆಕ್ಕ ಹಾಕುತ್ತಿದ್ದವರ ಪೆನ್ನಿನ ಶಾಯಿ ಒಣಗುವ ಮುಂಚೆ ಬಂತು. ಅದಕ್ಕೆ ಸಮಿತಿ ಬೇಕಿರಲಿಲ್ಲ. ನೀರು ಸಾಕಿತ್ತು.

ಇದೆಲ್ಲ ದೂರದ ದೇಶದ ರಗಳೆ, ನಮಗೇನು ಅಂತೀರಾ? ಕ್ಯಾಲಿಫೋರ್ನಿಯಾದಲ್ಲಿ ಮನುಷ್ಯರು ಬಳಸುವ ನೀರಿನಲ್ಲಿ ಸುಮಾರು ಶೇ 80 ಹೋಗುವುದು ಬೇಸಾಯಕ್ಕೆ. ಆ ಬೇಸಾಯದಲ್ಲಿ ಎದ್ದು ಕಾಣುವುದು ಬಾದಾಮಿ, 13 ಲಕ್ಷ ಎಕರೆಗೂ ಜಾಸ್ತಿ, ಅದೂ ಸ್ಯಾಕ್ರಮೆಂಟೊ, ಸ್ಯಾನ್ ವಾಕೀನ್ ನದಿಗಳ ಅದೇ ಸಾಲ್ಮನ್ ಕಣಿವೆಯಲ್ಲಿ. ಜಗತ್ತಿನ ಬಾದಾಮಿಯಲ್ಲಿ ಶೇ 80ರಷ್ಟು ಅಲ್ಲಿಂದಲೇ ಬರುತ್ತದೆ. ಹೊರದೇಶಗಳ ಪೈಕಿ ಅದನ್ನು ಅತಿ ಜಾಸ್ತಿ ಕೊಳ್ಳುವವರು ಯಾರು ಗೊತ್ತಾ? ನಾವೇ, ಭಾರತದವರು. ಮಕ್ಕಳಿಗೆ ಬುದ್ಧಿ ಚುರುಕಾಗಲಿ ಎಂದು ರಾತ್ರಿ ನೆನೆಸಿಟ್ಟದ್ದು, ಮದುವೆ ಮನೆಯ ಬಾದಾಮಿ ಹಾಲು, ದೀಪಾವಳಿಗೆ ಆಫೀಸಿನವರು ಕೊಟ್ಟ ಡ್ರೈಫ್ರೂಟ್ ಡಬ್ಬ, ಎಲ್ಲದರಲ್ಲೂ ಆ ಕಣಿವೆಯ ನೀರು ಇದೆ. ಗಾಳದವನ ಸೀಸನ್ ಬಂದ್ ಆಯಿತು, ದೋಣಿಯವನದು ಮೂರು ವರ್ಷ ಬಂದ್ ಆಯಿತು. ನಮ್ಮ ಬಾದಾಮಿ ಸೀಸನ್ ಮಾತ್ರ ಒಂದು ದಿನವೂ ಬಂದ್ ಆಗಿಲ್ಲ, ಯಾವ ನಂಬರಿಗೂ ಫೋನ್ ಮಾಡಿ ಕೇಳಬೇಕಾಗಿ ಬಂದಿಲ್ಲ.