ಹ್ಯೂಸ್ಟನ್ ಶಾಲೆಗಳು ಯಾರ ಕೈಯಲ್ಲಿರಬೇಕು?

ಅಮೆರಿಕದ ಟೆಕ್ಸಾಸ್‌ನಲ್ಲಿ ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವುದು ಜನ ಓಟು ಹಾಕಿ ಆರಿಸಿದ ಶಾಲಾ ಮಂಡಳಿ. ಹ್ಯೂಸ್ಟನ್‌ನಲ್ಲಿ ಇಂಥ ಮಂಡಳಿಯ ಕೈಕೆಳಗೆ ಸುಮಾರು 1.9 ಲಕ್ಷ ಮಕ್ಕಳಿದ್ದರು. 2023ರ ಜೂನ್ 1ರಂದು ರಾಜ್ಯ ಶಿಕ್ಷಣ ಇಲಾಖೆ ಆ ಮಂಡಳಿಯನ್ನು ಬದಿಗೆ ಸರಿಸಿ ತಾನೇ ಆರಿಸಿದ 9 ಜನರನ್ನು ಕೂರಿಸಿತು. ಮೈಕ್ ಮೈಲ್ಸ್ ಎಂಬವರನ್ನು ಸೂಪರಿಂಟೆಂಡೆಂಟ್, ಅಂದರೆ ಎಲ್ಲ ಶಾಲೆಗಳ ಆಡಳಿತ ನೋಡುವ ಮುಖ್ಯಾಧಿಕಾರಿ, ಮಾಡಿತು. ನಮ್ಮ ಕಡೆಯ ಮಾತಲ್ಲಿ ಹೇಳುವುದಾದರೆ, ಮಂಡಳಿ ಸೂಪರ್‌ಸೀಡ್ ಆಯಿತು. ಇದು ಸರಿಯೇ?

ಪರ

ಎಲ್ಲಕ್ಕೂ ಮೂಲ ಹ್ಯೂಸ್ಟನ್‌ನ ವೀಟ್ಲಿ ಹೈಸ್ಕೂಲ್. 2015ರ ಕಾನೂನಿನ ಪ್ರಕಾರ ಒಂದೇ ಒಂದು ಶಾಲೆ ಸತತ 5 ವರ್ಷ ಫೇಲಾದರೂ ಸಾಕು, ಶಾಲೆ ಮುಚ್ಚಬೇಕು, ಇಲ್ಲಾ ಮಂಡಳಿಯನ್ನೇ ಬದಲಿಸಬೇಕು. 2019ರ ಹೊತ್ತಿಗೆ ವೀಟ್ಲಿ ಆ ಗೆರೆ ದಾಟಿತ್ತು.

ಒಂದು ಶಾಲೆಗಾಗಿ ಇಡೀ ಮಂಡಳಿಯೇ? ಕಠಿಣ ಅನ್ನಿಸುತ್ತದೆ, ಅಲ್ವಾ? ಆದರೆ 5 ವರ್ಷ ಅಂದರೆ ಎಷ್ಟು ಅಂತ ಸ್ವಲ್ಪ ಲೆಕ್ಕ ಹಾಕಿ. ಅಲ್ಲಿ ಹೈಸ್ಕೂಲು ನಾಲ್ಕೇ ವರ್ಷ. ಒಂಬತ್ತನೇ ಕ್ಲಾಸಿಗೆ ಬಂದ ಹುಡುಗಿ ಹನ್ನೆರಡು ಮುಗಿಸಿ ಹೊರಟೇ ಹೋಗುತ್ತಾಳೆ, ಶಾಲೆ ಇನ್ನೂ ಫೇಲಾಗುತ್ತಲೇ ಇರುತ್ತದೆ. ಮುಂದಿನ ಚುನಾವಣೆಯಲ್ಲಿ ಮಂಡಳಿಗೆ ಬುದ್ಧಿ ಕಲಿಸು ಅಂತ ಅವಳಿಗೆ ಹೇಳುವುದಾ? ಅವಳಿಗೆ ಓಟೇ ಇಲ್ಲ.

ಮಂಡಳಿಯಾದರೂ ನೆಟ್ಟಗಿತ್ತಾ? ಸೂಪರಿಂಟೆಂಡೆಂಟ್‌ರನ್ನು ಬದಲಿಸುವ ಮಾತುಕತೆಯನ್ನು ಕೆಲವು ಸದಸ್ಯರು ಸಭೆಯ ಹೊರಗೆ ಗುಟ್ಟಾಗಿ ನಡೆಸಿದ್ದರು ಅಂತ ರಾಜ್ಯದ ತನಿಖೆಯೇ ಹೇಳಿತು. ದೊಡ್ಡವರು ಕುರ್ಚಿಗಾಗಿ ಕಿತ್ತಾಡುತ್ತಿದ್ದರೆ ಮಕ್ಕಳ ಪಾಠದ ಗತಿ ಏನು?

ರಾಜ್ಯ ಪ್ರತಿ ಶಾಲೆಗೂ 'ಎ'ಯಿಂದ 'ಎಫ್'ವರೆಗೆ ಗ್ರೇಡು ಕೊಡುತ್ತದೆ, 'ಎಫ್' ಅಂದರೆ ಫೇಲು. 2023ರ ಲೆಕ್ಕದಲ್ಲಿ ಹ್ಯೂಸ್ಟನ್‌ನ 56 ಶಾಲೆಗಳಿಗೆ 'ಎಫ್' ಬಿದ್ದಿತ್ತು. 2025ರಲ್ಲಿ ಒಂದಕ್ಕೂ ಇಲ್ಲ. ಅಂಕವೇ ಎಲ್ಲ ಅಲ್ಲ ಅನ್ನುವವರಿದ್ದಾರೆ. ಸರಿ. ಆದರೆ ಆ ಮಾತು ಹೆಚ್ಚಾಗಿ ಕೇಳುವುದು ಒಳ್ಳೇ ಶಾಲೆಗೆ ಮಕ್ಕಳನ್ನು ಕಳಿಸುವವರ ಬಾಯಲ್ಲಿ.

ವಿರೋಧ

ವೀಟ್ಲಿ ಕತೆಯನ್ನು ಅರ್ಧಕ್ಕೇ ನಿಲ್ಲಿಸಿದರೆ ಹೇಗೆ? ರಾಜ್ಯವನ್ನು ತಡೆಯಲು ಮಂಡಳಿ ಹಾಕಿದ್ದ ಕೇಸು ಕೋರ್ಟಿನಲ್ಲಿ ನಡೆಯುತ್ತಿದ್ದ ಕಾಲದಲ್ಲೇ, 2022ರಲ್ಲಿ, ವೀಟ್ಲಿ 'ಸಿ' ತೆಗೆದುಕೊಂಡಿತು. ಆಗ ಶಾಲೆ ಇದ್ದದ್ದು ಇದೇ ಮಂಡಳಿಯ ಕೈಯಲ್ಲಿ. ಪಾಸಾದ ಮೇಲೆ ಬಂತು ಶಿಕ್ಷೆ.

ಹೊಸಬರು ಏನು ಮಾಡಿದರು? ಅವರ ಹೊಸ ಪದ್ಧತಿಗೆ ಸೇರಿದ ಹಲವು ಶಾಲೆಗಳಲ್ಲಿ ಲೈಬ್ರರಿಯನ್ ಹುದ್ದೆ ಹೋಯಿತು. ಪುಸ್ತಕದ ಕೋಣೆಗೆ 'ಟೀಮ್ ಸೆಂಟರ್' ಅಂತ ಹೆಸರು ಬಂತು. ಪಾಠ ಮುಗಿದ ತಕ್ಷಣ ಒಂದು ಚಿಕ್ಕ ಟೆಸ್ಟು. ಅದರಲ್ಲಿ ಪಾಸಾದವರು ಆ ಕೋಣೆಗೆ ಹೋಗಿ ಮುಂದಿನ ಅಭ್ಯಾಸ ಮಾಡಬೇಕು. ಕ್ಲಾಸಿನಲ್ಲಿ ಗಲಾಟೆ ಮಾಡಿದವರನ್ನೂ ಅಲ್ಲಿಗೇ ಕಳಿಸುತ್ತಾರೆ, ಪರದೆಯಲ್ಲಿ ಪಾಠ ನೋಡಲು. ಅಂಕ ಏರಿದ್ದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸುಮ್ನೆ ಒಂದು ಕತೆಪುಸ್ತಕ ಎಳೆದುಕೊಂಡು ಮೂಲೆಯಲ್ಲಿ ಕೂರುವ ಮಗುವಿಗೆ ಯಾವ ಗ್ರೇಡು ಕೊಡುತ್ತೀರಿ?

ಜನರನ್ನು ಕೇಳಿದ್ದಾದರೂ ಒಂದು ಸಲ. 2024ರ ನವೆಂಬರ್‌ನಲ್ಲಿ ಶಾಲಾ ಕಟ್ಟಡ, ಎಸಿ ಮುಂತಾದವುಗಳಿಗಾಗಿ ಬಾಂಡ್ ಮೂಲಕ 440 ಕೋಟಿ ಡಾಲರ್ ಸಾಲ ಎತ್ತಲು ಜನರ ಓಟಿನ ಒಪ್ಪಿಗೆ ಬೇಕಿತ್ತು. ವಿರೋಧಿಸಿದವರ ಘೋಷಣೆ ಇಷ್ಟೇ: ನಂಬಿಕೆ ಇಲ್ಲ, ಬಾಂಡೂ ಇಲ್ಲ. ತಮ್ಮದೇ ಮಕ್ಕಳ ಶಾಲೆಗೆ ಬರಬೇಕಿದ್ದ ದುಡ್ಡನ್ನು ಊರು ಬೇಡ ಅಂದಿತು. ಅಲ್ಲಿನ ಸಿಟ್ಟು ಎಷ್ಟಿತ್ತು ಅಂತ ಇದರಲ್ಲೇ ಗೊತ್ತಾಗುತ್ತದೆ.

ಇನ್ನೊಂದು ಭಯ: ಬಂದವರು ಹೋಗುವುದು ಯಾವಾಗ? ನ್ಯೂಜೆರ್ಸಿ ರಾಜ್ಯ 1995ರಲ್ಲಿ ನ್ಯೂಅರ್ಕ್ ಶಾಲೆಗಳನ್ನು ಕೈಗೆ ತೆಗೆದುಕೊಂಡಿತು. ಊರಿಗೆ ವಾಪಸ್ ಕೊಟ್ಟದ್ದು 2018ರಲ್ಲಿ. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಯದ್ದೇ ದರ್ಬಾರು. ಮೇಲಿನವರು ಲೆಕ್ಕ ಕೇಳಲಿ, ಆಡಿಟ್ ಮಾಡಲಿ, ಸೋತ ಶಾಲೆಗೆ ಒಳ್ಳೇ ಹೆಡ್‌ಮಾಸ್ಟರ್ ಕಳಿಸಲಿ. ಬೇಡ ಅಂದವರು ಯಾರು?

ಹ್ಯೂಸ್ಟನ್‌ನಲ್ಲಿ ಮಂಡಳಿಗೆ ಈಗಲೂ ಚುನಾವಣೆ ನಡೆಯುತ್ತದೆ. ಗೆದ್ದವರ ಹೆಸರೂ ಬರುತ್ತದೆ. ಅಧಿಕಾರ ಮಾತ್ರ ಇಲ್ಲ. ರಾಜ್ಯ ತನ್ನ ಹಿಡಿತವನ್ನು 2027ರ ಜೂನ್‌ವರೆಗೆ ಮುಂದುವರಿಸಿದೆ. 2023ರಲ್ಲಿ ಒಂಬತ್ತನೇ ಕ್ಲಾಸಿಗೆ ಬಂದ ಹುಡುಗಿ ಅಷ್ಟರಲ್ಲಿ ಹೈಸ್ಕೂಲು ಮುಗಿಸಿರುತ್ತಾಳೆ. ಅವಳಿಗೆ ಹದಿನೆಂಟೂ ತುಂಬಿರುತ್ತದೆ, ಓಟೂ ಬಂದಿರುತ್ತದೆ. ಅವಳ ಶಾಲೆ ಹೇಗಿರಬೇಕು ಅಂತ ಈ ನಾಲ್ಕು ವರ್ಷ ತೀರ್ಮಾನ ಮಾಡಿದವರಲ್ಲಿ ಒಬ್ಬರೂ ಅವಳ ಅಪ್ಪ ಅಮ್ಮ ಆರಿಸಿದವರಲ್ಲ.