ರೈಲಿನಲ್ಲಿ ಹಾಳಾಯಿತೆಂದ ಆ ದಿನ

ನಿನ್ನೆ ರಾತ್ರಿ ಲೀಡ್ಸ್‌ನ ಕೋಣೆಗೆ ಮರಳಿದವಳೇ ನಾಲ್ಕು ಫೋಟೋ ಹಾಕಿ ಮಲಗಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಭಾವನ ಸಂದೇಶ: "ಅಷ್ಟು ದುಡ್ಡು ಸುರಿದು ಇಂಗ್ಲೆಂಡಿಗೆ ಹೋಗಿ, ಒಂದಿಡೀ ದಿನವನ್ನು ರೈಲಿನಲ್ಲಿ ಕೂತು ಹಾಳು ಮಾಡಿದೆಯಲ್ಲ!"

ಹಾಳು. ಈ ಪದ ಬೆಳಗಿನಿಂದ ಗಂಟಲಲ್ಲಿ ಮುಳ್ಳಿನ ಹಾಗೆ ಕೂತಿದೆ. ಭಾವನ ಮೇಲೆ ನನಗೆ ಪ್ರೀತಿಯಿದೆ, ಆದರೆ ಈ ಮಾತಿಗೆ ಎರಡು ಸಾಲಿನಲ್ಲಿ ಉತ್ತರ ಕೊಡಲಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಿನ್ನೆ ನಾನು ಕೂತಿದ್ದು ಲೀಡ್ಸ್‌ನಿಂದ ಕಾರ್ಲೈಲ್‌ಗೆ ಹೋಗುವ ರೈಲಿನಲ್ಲಿ. ಸೆಟಲ್ ಎಂಬ ಪುಟ್ಟ ಪಟ್ಟಣ ದಾಟಿದ ಮೇಲೆ ಹಳಿ ಏರತೊಡಗುತ್ತದೆ. ನೂರು ಅಡಿ ಹೋದರೆ ಒಂದು ಅಡಿ ಮೇಲೆ. ಎರಡೂ ಕಡೆ ಕಲ್ಲು ಪೇರಿಸಿದ ಗೋಡೆಗಳು, ಕುರಿಗಳು, ಬೋಳು ಬೆಟ್ಟಗಳು. ಆಮೇಲೆ ರಿಬಲ್‌ಹೆಡ್. 24 ಕಮಾನುಗಳ ಸೇತುವೆ, ಉದ್ದ 400 ಮೀಟರ್, ಎತ್ತರ 32 ಮೀಟರ್. ಸೇತುವೆ ಸ್ವಲ್ಪ ಬಾಗಿರುವುದರಿಂದ ಕಿಟಕಿಗೆ ಕೆನ್ನೆ ಒತ್ತಿದರೆ ಮುಂದಿನ ಕಮಾನುಗಳು ಕಾಣುತ್ತವೆ. ರೈಲು ಅಲ್ಲಿ ಓಡುವುದಿಲ್ಲ, ನಡೆಯುತ್ತದೆ. ಕೆಳಗಿನ ಬಯಲಿನಲ್ಲಿ ಈಗ ಹುಲ್ಲು ಮತ್ತು ನೀರು ಮಾತ್ರ. 1870ರ ಸುಮಾರಿಗೆ ಅಲ್ಲಿ ಈ ಹಾದಿ ಕಟ್ಟಲು ಬಂದ ಸಾವಿರಾರು ಕೂಲಿಗಳ ಗುಡಿಸಲುಗಳಿದ್ದವು. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬಂದವರು. ಅಪಘಾತಗಳಲ್ಲಿ ಸತ್ತರು, ಸಿಡುಬಿನಲ್ಲಿ ಸತ್ತರು. ಹತ್ತಿರದ ಚಾಪೆಲ್‌ಲಿಡೇಲ್‌ನ ಚರ್ಚಿನ ಅಂಗಳದಲ್ಲಿ ಅವರನ್ನು ಹೂಳಿದರು. 1876ರಲ್ಲಿ ಪ್ರಯಾಣಿಕರ ರೈಲು ಓಡತೊಡಗಿದಾಗ ಅದರೊಳಗೆ ಕೂತವರು ಬೇರೆಯವರು.

ನನ್ನ ಅಪ್ಪ ಕೀಮ್ಯಾನ್ ಆಗಿದ್ದರು, ಅಂದರೆ ಹಳಿಯನ್ನು ದಿನಾ ಪರೀಕ್ಷಿಸಿ ಬಿಗಿ ಮಾಡುವ ರೈಲ್ವೆ ಕೆಲಸಗಾರ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಾಟಿಯಲ್ಲಿ, ಕಿರಿದಾದ ಮೀಟರ್‌ಗೇಜ್ ಹಳಿಯ ಕಾಲದಲ್ಲಿ, ಭುಜದ ಮೇಲೆ ಸುತ್ತಿಗೆ ಹೊತ್ತು ದಿನಾ ಹಳಿಯ ಮೇಲೆ ನಡೆದವರು. ಅಲ್ಲಿನ ಇಳಿಜಾರು ಐವತ್ತಕ್ಕೆ ಒಂದು. ಅದಕ್ಕೇ ನಿನ್ನೆ ನೂರಕ್ಕೆ ಒಂದು ಎಂದು ಓದಿದಾಗ ಅಪ್ಪನಿಗೆ ಹೇಳಬೇಕು ಅನಿಸಿತು. ಹೇಳಲು ಅಪ್ಪ ಇಲ್ಲ.

ಈಗ ಆ ಪದಕ್ಕೆ ಬರುತ್ತೇನೆ. ಈ ಮಾರ್ಗವನ್ನೂ ಒಮ್ಮೆ ಹಾಳು ಎಂದೇ ಕರೆದಿದ್ದರು. 1980ರ ದಶಕದಲ್ಲಿ ಸರ್ಕಾರಿ ರೈಲ್ವೆ ಇದನ್ನು ಮುಚ್ಚಲು ಹೊರಟಿತು. ಸೇತುವೆ ಶಿಥಿಲವಾಗಿದೆ, ದುರಸ್ತಿಗೆ ಅಪಾರ ಹಣ ಬೇಕು, ಪ್ರಯಾಣಿಕರಿಲ್ಲ ಎಂದಿತು. ಪ್ರಯಾಣಿಕರು ಎಲ್ಲಿಂದ ಬಂದಾರು? 1970ರಲ್ಲೇ ಹಳ್ಳಿಗಳ ನಿಲ್ದಾಣಗಳಿಗೆ ಬೀಗ ಹಾಕಿಯಾಗಿತ್ತು. ದೂರದ ಎಕ್ಸ್‌ಪ್ರೆಸ್ ರೈಲುಗಳನ್ನು 1982ರಲ್ಲಿ ಬೇರೆ ದಾರಿಗೆ ತಿರುಗಿಸಿಯಾಗಿತ್ತು. ದಿನಕ್ಕೆ ಎರಡು ರೈಲು ಉಳಿಸಿ, ಹತ್ತುವವರಿಲ್ಲ ಎಂದು ಲೆಕ್ಕ ತೋರಿಸಿದರು. ಇದನ್ನು ನೆನೆದರೆ ನನಗೆ ಈಗಲೂ ರಕ್ತ ಕುದಿಯುತ್ತದೆ. ಗಿಡಕ್ಕೆ ನೀರು ನಿಲ್ಲಿಸಿ, ಒಣಗಿದೆ ನೋಡಿ, ಕಡಿಯೋಣ ಎಂದ ಹಾಗೆ.

ಮುಚ್ಚುವ ಕೆಲಸ ನೋಡಿಕೊಳ್ಳಲು ರಾನ್ ಕಾಟನ್ ಎಂಬ ಅಧಿಕಾರಿಯನ್ನು ನೇಮಿಸಿದರು. ಆದರೆ ಅವರು ಅಗ್ಗದ ಟಿಕೆಟ್ ತಂದರು, ಪ್ರಚಾರ ಮಾಡಿದರು. 1986ರಲ್ಲಿ ಎಂಟು ಹಳ್ಳಿ ನಿಲ್ದಾಣಗಳು ಮತ್ತೆ ತೆರೆದವು. 1983ರಲ್ಲಿ ವರ್ಷಕ್ಕೆ 93,000 ಇದ್ದ ಪ್ರಯಾಣಗಳು 1989ಕ್ಕೆ ನಾಲ್ಕೂವರೆ ಲಕ್ಷವಾದವು. ಸೇತುವೆಯ ದುರಸ್ತಿ ಹೆದರಿಸಿದ್ದಕ್ಕಿಂತ ಬಹಳ ಕಡಿಮೆ ಖರ್ಚಿನಲ್ಲಿ ಮುಗಿಯಿತು. 1989ರ ಏಪ್ರಿಲ್ 11ರಂದು ಮಾರ್ಗ ಉಳಿಯುತ್ತದೆ ಎಂಬ ಘೋಷಣೆ ಬಂತು.

ಭಾವ, ನಾನು ಹಾಕಿದ ನಾಯಿಯ ಪ್ರತಿಮೆಯ ಫೋಟೋ ನೀವು ನೋಡಿದಿರಿ, ಆದರೆ ಅದು ಯಾರೆಂದು ಕೇಳಲಿಲ್ಲ. ಅದರ ಹೆಸರು ರಸ್ವಾರ್ಪ್. ಮಾರ್ಗ ಮುಚ್ಚಬಾರದೆಂದು 22,265 ಆಕ್ಷೇಪಣೆಗಳು ಬಂದಿದ್ದವು, ಅವುಗಳಲ್ಲಿ ಒಂದು ಈ ನಾಯಿಯ ಪಾದದ ಗುರುತು. ಅದಕ್ಕೂ ಟಿಕೆಟ್ ತೆಗೆಸುತ್ತಿದ್ದರು, ಹಾಗಾಗಿ ಅದೂ ಪ್ರಯಾಣಿಕ. ಒಡೆಯ ಗ್ರಹಾಂ ನಟಾಲ್ ಹೋರಾಟ ಕಟ್ಟಿದವರಲ್ಲಿ ಒಬ್ಬರು. ಗೆದ್ದ ಮರುವರ್ಷ, 1990ರ ಜನವರಿಯಲ್ಲಿ, ನಾಯಿಯೊಂದಿಗೆ ವೇಲ್ಸ್‌ನ ಬೆಟ್ಟಗಳಿಗೆ ಹೋದವರು ಮರಳಲಿಲ್ಲ. ಏಪ್ರಿಲ್‌ನಲ್ಲಿ ಅವರ ದೇಹ ಸಿಕ್ಕಿತು. ಹದಿನಾಲ್ಕು ವರ್ಷದ ಆ ಮುದಿ ನಾಯಿ ಚಳಿಗಾಲದ ಹನ್ನೊಂದು ವಾರ ಅವರ ಪಕ್ಕದಲ್ಲೇ ಇತ್ತು. ಅಂತ್ಯಕ್ರಿಯೆಯವರೆಗೆ ಬದುಕಿತ್ತು, ಅಷ್ಟೇ.

ಮರಳುವಾಗ ಗಾರ್ಸ್‌ಡೇಲ್‌ನಲ್ಲಿ ಇಳಿದದ್ದು ಅದಕ್ಕಾಗಿಯೇ. ಪ್ಲಾಟ್‌ಫಾರ್ಮಿನ ಮೇಲೆ ಕಂಚಿನ ನಾಯಿ ಇದೆ. ಮುಂದಿನ ರೈಲಿಗೆ ಎರಡು ಗಂಟೆಯ ಮೇಲೆ ಸಮಯವಿತ್ತು. ಗಾಳಿ ಕಿವಿ ಕೊರೆಯುತ್ತಿತ್ತು. ನನ್ನ ಹೊರತು ಅಲ್ಲಿ ಯಾರೂ ಇರಲಿಲ್ಲ. ಅದರ ತಲೆಯ ಮೇಲೆ ಕೈಯಿಟ್ಟು ಅತ್ತೆ.

ಅತ್ತದ್ದು ನಾಯಿಗಾಗಿ ಮಾತ್ರ ಅಲ್ಲ. 1996ರಲ್ಲಿ ನಮ್ಮ ಘಾಟಿಯ ರೈಲು ನಿಂತಾಗ ನನಗೆ ಖುಷಿಯಾಗಿತ್ತು. ಅಪ್ಪನಿಗೆ ಅರಸೀಕೆರೆ ಕಡೆಗೆ ವರ್ಗವಾಯಿತು, ನಮಗೆ ಪೇಟೆಯ ಶಾಲೆ ಸಿಕ್ಕಿತು. ಅಗಲವಾದ ಬ್ರಾಡ್‌ಗೇಜ್ ಹಳಿ ಮಾಡಲು ನಿಲ್ಲಿಸಿದ್ದು ನಿಜ, ಶಾಶ್ವತವಾಗಿ ಮುಚ್ಚಲು ಅಲ್ಲ. ಆದರೂ ಪ್ರಯಾಣಿಕರ ರೈಲು ಮತ್ತೆ ಬಂದದ್ದು 2007ರ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಅಪ್ಪ ತೀರಿಕೊಂಡಿದ್ದರು. ರೈಲು ನಿಂತ ಮೇಲೆ ಅವರು ಬದುಕಿದ್ದಷ್ಟು ವರ್ಷಗಳಲ್ಲಿ ಒಮ್ಮೆಯೂ ನಾನು ಅವರನ್ನು, "ಅಪ್ಪಾ, ನಿಮಗೆ ಹೇಗನಿಸುತ್ತದೆ?" ಎಂದು ಕೇಳಲಿಲ್ಲ.

ಇಂಗ್ಲೆಂಡಿನ ರೈಲು ದುಬಾರಿ ಎಂದು ಹೇಳುವವರಿದ್ದಾರೆ. ಹೌದು, ದುಬಾರಿ. ಬೆಳಗಿನ ದಟ್ಟಣೆಯ ಹೊತ್ತಿಗೆ ಒಂದು ದರ, ಆಮೇಲೆ ಇನ್ನೊಂದು, ವಾರಗಳ ಮೊದಲೇ ಕೊಂಡರೆ ಮತ್ತೊಂದು. ಇರುವುದು ಹತ್ತೇ ದಿನದ ರಜೆ, ಅದರಲ್ಲಿ ಲಂಡನ್ ನೋಡಬೇಡವೇ ಎಂದೂ ಕೇಳುತ್ತಾರೆ. ನೋಡಲಿ. ಆದರೆ ಬಸ್ಸಿನಿಂದ ಇಳಿದು, ಅರಮನೆಯ ಮುಂದೆ ನಿಂತು, ಹತ್ತು ನಿಮಿಷದಲ್ಲಿ ಮತ್ತೆ ಹತ್ತಿದ ದಿನ ಸಾರ್ಥಕ, ನಾಲ್ಕು ತಲೆಮಾರಿನ ಬೆವರು ಬಿದ್ದ ಹಾದಿಯನ್ನು ಬೆಳಗಿನಿಂದ ಸಂಜೆಯವರೆಗೆ ಕಣ್ತುಂಬ ನೋಡಿದ ದಿನ ಹಾಳು ಎನ್ನುವ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ರಜೆ ಕಡಿಮೆ ಇದ್ದುದರಿಂದಲೇ ಒಂದು ದಿನವನ್ನು ಇದಕ್ಕೆ ಕೊಟ್ಟೆ.

ಭಾವ, ಮುಂದಿನ ತಿಂಗಳು ಊರಿಗೆ ಬಂದಾಗ ಬೆಂಗಳೂರಿನಿಂದ ಮಂಗಳೂರಿಗೆ ಹಗಲಿನ ರೈಲಿನಲ್ಲಿ ನಿಮಗೂ ಅಕ್ಕನಿಗೂ ನಾನೇ ಟಿಕೆಟ್ ತೆಗೆಸುತ್ತೇನೆ. ಸಕಲೇಶಪುರ ದಾಟಿದ ಮೇಲೆ 57 ಸುರಂಗಗಳಿವೆ. ಎಡಕುಮೇರಿ ನಿಲ್ದಾಣ ಬಂದಾಗ ಫೋನ್ ಜೇಬಿನಲ್ಲಿಟ್ಟುಕೊಳ್ಳಿ. ಅಪ್ಪ ಯಾವ ತಿರುವಿನವರೆಗೆ ನಡೆದು ವಾಪಸಾಗುತ್ತಿದ್ದರೆಂದು ತೋರಿಸುತ್ತೇನೆ.